ತುಮಕೂರಿನ ಸ್ಟಡಿ ಅಬ್ರಾಡ್ ಕನ್ಸಲ್ಟೆನ್ಸಿ: ಫೈಲ್ ಕೆಲಸಕ್ಕೆ ನಾಲ್ಕು ಸ್ಟಾರ್, ದೇಶ ಆರಿಸೋದಕ್ಕೆ ಎರಡೇ

ನನ್ನ ತಮ್ಮ 2025ರ ಅಕ್ಟೋಬರ್‌ನಲ್ಲಿ ಮಾಸ್ಟರ್ಸ್ ಓದಲು ಜರ್ಮನಿಗೆ ಹೋದ. ಅವನ ಅಡ್ಮಿಷನ್, ವೀಸಾ ಕೆಲಸ ಎಲ್ಲವನ್ನೂ ನಮ್ಮ ಬಿ.ಎಚ್. ರಸ್ತೆಯ ಒಂದು ಕನ್ಸಲ್ಟೆನ್ಸಿಯಲ್ಲಿ ಮಾಡಿಸಿದೆವು. ಒಂಬತ್ತು ತಿಂಗಳು ಆ ಮೆಟ್ಟಿಲು ಹತ್ತಿ ಇಳಿದಿದ್ದೇವೆ. ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಇಬ್ಬರ ಮಕ್ಕಳು ಈ ವರ್ಷ ಹೊರಡಬೇಕು ಅಂತಿದ್ದಾರೆ, ಹೇಗಿದೆ ಅಂತ ದಿನಾ ಕೇಳುತ್ತಾರೆ, ಅದಕ್ಕೇ ಕೂತು ಪೂರ್ತಿ ಬರೆಯುತ್ತಿದ್ದೇನೆ.

ಆಫೀಸಿನ ಹೆಸರು ಹಾಕುತ್ತಿಲ್ಲ. ಅಲ್ಲಿ ಸೇರುವ ಮುಂಚೆ ಇನ್ನೂ ಮೂರು ಕಡೆ ಹೋಗಿ ಕೂತಿದ್ದೆವು, ಅದರಲ್ಲಿ ಒಂದು ಬೆಂಗಳೂರಿನಲ್ಲಿ. ನಾನು ಕೆಳಗೆ ಹೇಳುವ ಮುಖ್ಯವಾದ ದೂರು ನಾಲ್ಕೂ ಕಡೆ ಒಂದೇ ಥರ ಇತ್ತು. ಒಬ್ಬರ ಹೆಸರು ಹಾಕಿದರೆ ಉಳಿದವರು ಒಳ್ಳೆಯವರು ಅಂತ ಆಗಿಬಿಡುತ್ತದೆ.

ನಮ್ಮ ಮನೆ ಪರಿಸ್ಥಿತಿ ಸ್ವಲ್ಪ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಾವು ಯಾಕೆ ಹಾಗೆ ಯೋಚನೆ ಮಾಡಿದೆವು ಅಂತ ತಿಳಿಯಲ್ಲ. ಅಪ್ಪನಿಗೆ ಗುಬ್ಬಿ ತಾಲ್ಲೂಕಿನಲ್ಲಿ ಮೂರು ಎಕರೆ ತೆಂಗಿನ ತೋಟ. ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ತಮ್ಮ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಸಿಜಿಪಿಎ 8.2. ಸಾಲ, ಉಳಿತಾಯ ಎಲ್ಲ ಸೇರಿ 20 ಲಕ್ಷ ದಾಟಬಾರದು ಅಂತ ಅಪ್ಪ ಮೊದಲೇ ಹೇಳಿದ್ದರು.

2025ರ ಜನವರಿಯಲ್ಲಿ ಮೊದಲ ಸಲ ಹೋದೆವು. ಆಫೀಸ್ ಚೆನ್ನಾಗಿದೆ, ಎಸಿ ಇದೆ, ಗೋಡೆ ತುಂಬಾ ಬಾವುಟಗಳು, ವೀಸಾ ಸಿಕ್ಕ ಹುಡುಗರು ಪಾಸ್‌ಪೋರ್ಟ್ ಹಿಡಿದು ನಿಂತ ಫೋಟೋಗಳು. ಒಂದು ಫಾರಂ ತುಂಬಿಸಿಕೊಂಡರು. ಕೌನ್ಸೆಲರ್ ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ, ಮಾತು ಚೆನ್ನಾಗಿ ಆಡುತ್ತಾಳೆ, ಅಪ್ಪನ ಹತ್ತಿರ ಕನ್ನಡದಲ್ಲೇ ಮಾತಾಡಿದಳು, ಅದು ಇಷ್ಟ ಆಯಿತು. ಆದರೆ ಹತ್ತೇ ನಿಮಿಷಕ್ಕೆ ದೇಶ ತೀರ್ಮಾನ ಆಗಿಹೋಯಿತು. "ಸರ್, ಯುಕೆ ಬೆಸ್ಟ್. ಒಂದೇ ವರ್ಷದ ಮಾಸ್ಟರ್ಸ್, ಓದಿ ಮುಗಿದ ಮೇಲೆ ಎರಡು ವರ್ಷ ಅಲ್ಲೇ ಕೆಲಸ ಮಾಡಬಹುದು. ನಮ್ಮ ಸರ್ವಿಸ್ ಫ್ರೀ." ಫೀ 17,500 ಪೌಂಡ್. ಆಗಿನ ಲೆಕ್ಕದಲ್ಲಿ 18 ಲಕ್ಷದ ಮೇಲೆ. ಊಟ, ಬಾಡಿಗೆ ಇನ್ನೂ ಸೇರಿರಲಿಲ್ಲ. ತಮ್ಮ ಜರ್ಮನಿ ಅಂದ. ಅದಕ್ಕೆ ಅವಳು ಜರ್ಮನ್ ಭಾಷೆ ಬೇಕು, ತುಂಬಾ ಲೇಟಾಗುತ್ತದೆ, ರಿಜೆಕ್ಟ್ ಜಾಸ್ತಿ ಅಂತ ಹೇಳಿ ಬ್ರೋಷರ್ ಮಗುಚಿ ಕೆನಡಾ ಪುಟ ತೋರಿಸಿದಳು.

ಆ ಬ್ರೋಷರ್ ಮನೆಗೆ ತಂದು ರಾತ್ರಿ ಕೂತು ಓದಿದೆ. ಕೆನಡಾಕ್ಕೆ ಎಸ್‌ಡಿಎಸ್ ಅನ್ನುವ ಬೇಗ ವೀಸಾ ಕೊಡುವ ದಾರಿ ಇದೆ, ಜಿಐಸಿ ಅಂತ ಅಲ್ಲಿನ ಖರ್ಚಿಗೆ ಇಡುವ ಠೇವಣಿ 10,000 ಕೆನಡಾ ಡಾಲರ್ ಕಟ್ಟಿದರೆ ಸಾಕು ಅಂತ ಅದರಲ್ಲಿ ಬರೆದಿತ್ತು. ಕೆನಡಾ ಸರ್ಕಾರದ ವೆಬ್‌ಸೈಟ್ ತೆಗೆದರೆ ಎಸ್‌ಡಿಎಸ್ 2024ರ ನವೆಂಬರ್ 8ಕ್ಕೇ ನಿಂತುಹೋಗಿದೆ. 10,000 ಅನ್ನುವ ಮೊತ್ತ 2024ರ ಜನವರಿಯಿಂದಲೇ 20,635 ಡಾಲರ್ ಆಗಿದೆ (2025ರ ಸೆಪ್ಟೆಂಬರ್‌ನಿಂದ ಅದು 22,895). ಅಂದರೆ ಒಂದು ವರ್ಷ ಹಳೆಯ ಕಾಗದವನ್ನು ಹೊಸದಾಗಿ ಪ್ರಿಂಟ್ ಹಾಕಿಸಿ ಹಂಚುತ್ತಿದ್ದರು. ಯಾರಾದರೂ ಇದನ್ನೇ ನಂಬಿ ಸೈಟ್ ಮಾರಿ ದುಡ್ಡು ಹೊಂದಿಸಿಕೊಂಡು ಬಂದರೆ ಅರ್ಧ ದಾರಿಯಲ್ಲಿ ನಿಲ್ಲಬೇಕಾಗುತ್ತದೆ. ನನಗೆ ನಿಜವಾಗಿ ಸಿಟ್ಟು ಬಂದಿದ್ದು ಅಲ್ಲಿ.

ಅಪ್ಪನಿಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ. ಆದರೆ ನಲವತ್ತು ವರ್ಷ ತಿಪಟೂರು ಮಾರ್ಕೆಟ್‌ಗೆ ಕೊಬ್ಬರಿ ಹಾಕಿದವರು. ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: "ಸರ್ವಿಸ್ ಫ್ರೀ ಅಂದ್ರೆ ಅವರಿಗೆ ದುಡ್ಡು ಯಾರು ಕೊಡ್ತಾರೆ? ದಲ್ಲಾಳಿಗೆ ಕಮಿಷನ್ ಯಾರಿಂದ ಬರುತ್ತೆ ಅಂತ ತಿಳ್ಕೊಳ್ಳದೆ ನಾನು ಯಾವತ್ತೂ ಚೀಲ ಇಳಿಸಿಲ್ಲ."

ಮುಂದಿನ ವಾರ ಹೋದಾಗ ಅಪ್ಪ ಅದೇ ಪ್ರಶ್ನೆಯನ್ನು ಆ ಹುಡುಗಿಯ ಮುಂದೆ ಇಟ್ಟರು. "ನಿಮಗೆ ದುಡ್ಡು ಎಲ್ಲಿಂದ ಬರುತ್ತಮ್ಮ?" ಅವಳು ಒಂದು ನಿಮಿಷ ಸುಮ್ಮನಿದ್ದಳು. ಆಮೇಲೆ ಇದ್ದದ್ದು ಇದ್ದ ಹಾಗೆ ಹೇಳಿದಳು, ಅದಕ್ಕೆ ಅವಳನ್ನು ಮೆಚ್ಚಲೇಬೇಕು. ಯುಕೆ, ಐರ್ಲೆಂಡ್, ಆಸ್ಟ್ರೇಲಿಯಾ, ಕೆನಡಾದ ಎಷ್ಟೋ ಯೂನಿವರ್ಸಿಟಿ, ಕಾಲೇಜುಗಳು ಸ್ಟೂಡೆಂಟ್ ಸೇರಿದ ಮೇಲೆ ಕನ್ಸಲ್ಟೆನ್ಸಿಗೆ ಕಮಿಷನ್ ಕೊಡುತ್ತವೆ. ಜರ್ಮನಿಯ ಸರ್ಕಾರಿ ಯೂನಿವರ್ಸಿಟಿಗಳು ಕೊಡಲ್ಲ. ಅದಕ್ಕೇ ಜರ್ಮನಿಗೆ ಹೋಗುವವರ ಹತ್ತಿರ ಅವರೇ ಪ್ಯಾಕೇಜ್ ಫೀ ತೆಗೆದುಕೊಳ್ಳುತ್ತಾರೆ. ನಮಗೆ 60 ಸಾವಿರ ಹೇಳಿದರು, ಮೂರು ಕಂತು. ಇದರಲ್ಲಿ ಮೋಸ ಏನೂ ಇಲ್ಲ, ವ್ಯಾಪಾರ ಅಂದ ಮೇಲೆ ಎಲ್ಲಿಂದಾದರೂ ದುಡ್ಡು ಬರಲೇಬೇಕು. ಆದರೆ ಇದನ್ನು ಮೊದಲ ದಿನವೇ, ನಾವು ಕೇಳುವ ಮುಂಚೆಯೇ ಹೇಳಬೇಕಿತ್ತು ಅಲ್ವಾ? ಜೀವನದ ಇಷ್ಟು ದೊಡ್ಡ ತೀರ್ಮಾನಕ್ಕೆ ಬಂದು ಕೂತವರಿಗೆ ಯಾವ ದೇಶದಿಂದ ತಮಗೆ ಲಾಭ ಅನ್ನುವುದನ್ನು ಮುಚ್ಚಿಟ್ಟು, ಇದೇ ಬೆಸ್ಟ್ ಅಂತ ಹೇಳಬಾರದು. ಎರಡು ಸ್ಟಾರ್ ಕೊಟ್ಟಿರೋದು ಇದಕ್ಕೇ.

ಆಮೇಲೆ ದೇಶ ಆರಿಸುವ ಕೆಲಸವನ್ನು ಮನೆಯಲ್ಲೇ ಮಾಡಿಕೊಂಡೆವು. ಅಪ್ಪ ತೋಟದ ಲೆಕ್ಕ ಬರೆಯುವ ಉದ್ದ ಪುಸ್ತಕದ ನಡು ಹಾಳೆ ಬಿಚ್ಚಿ ನಡುಮನೆಯಲ್ಲಿ ಹಾಸಿದರು. ಅಡ್ಡಕ್ಕೆ ದೇಶಗಳ ಹೆಸರು. ಉದ್ದಕ್ಕೆ ಫೀ, ಇರೋ ಖರ್ಚು, ಹೋಗುವ ಮುಂಚೆ ತೋರಿಸಬೇಕಾದ ದುಡ್ಡು, ವೀಸಾ ಸಿಗದಿದ್ದರೆ ಕೈಬಿಟ್ಟು ಹೋಗುವ ದುಡ್ಡು, ಓದುವಾಗ ಎಷ್ಟು ಕೆಲಸ ಮಾಡಬಹುದು, ಓದಿದ ಮೇಲೆ ಎಷ್ಟು ದಿನ ಇರಬಹುದು. ತಮ್ಮ ಆಯಾ ದೇಶದ ಸರ್ಕಾರಿ ವೆಬ್‌ಸೈಟ್ ನೋಡಿ ಹೇಳುತ್ತಿದ್ದ, ನಾನು ಬರೆಯುತ್ತಿದ್ದೆ, ಅಪ್ಪ ರೂಪಾಯಿಗೆ ತಿರುಗಿಸಿ ಹೇಳಿ ಅನ್ನುತ್ತಿದ್ದರು. 'ಕೈಬಿಟ್ಟು ಹೋಗುವ ದುಡ್ಡು' ಅನ್ನುವ ಸಾಲು ಅಪ್ಪನದೇ. ನಾವಿಬ್ಬರು ಅದನ್ನು ಯೋಚಿಸಿಯೇ ಇರಲಿಲ್ಲ.

ಆಸ್ಟ್ರೇಲಿಯಾ ಹೊಡೆದುಹಾಕಿದ್ದು ಆ ಸಾಲಿನಿಂದಲೇ. ವೀಸಾ ಅರ್ಜಿ ಫೀ ಆಗ 1,600 ಆಸ್ಟ್ರೇಲಿಯನ್ ಡಾಲರ್, ಜುಲೈ 2025ರಿಂದ 2,000. ರಿಜೆಕ್ಟ್ ಆದರೂ ವಾಪಸ್ ಬರಲ್ಲ. ಜೊತೆಗೆ ಖರ್ಚಿಗೆ 29,710 ಡಾಲರ್ ತೋರಿಸಬೇಕು. ಅಮೆರಿಕಾಕ್ಕೆ ಓದಿದ ಮೇಲೆ ಒಂದು ವರ್ಷ ಒಪಿಟಿ ಅನ್ನುವ ಕೆಲಸದ ಅನುಮತಿ, ಎಂಜಿನಿಯರಿಂಗ್ ಥರದ ಸ್ಟೆಮ್ ಕೋರ್ಸ್ ಆದರೆ ಇನ್ನೂ ಎರಡು ವರ್ಷ ಸೇರುತ್ತದೆ, ಅದು ದೊಡ್ಡ ಅನುಕೂಲ. ಆದರೆ ತಮ್ಮ ನೋಡಿದ ಕೋರ್ಸುಗಳ ಫೀ ನಮ್ಮ 20 ಲಕ್ಷಕ್ಕೆ ಹತ್ತಿರವೂ ಬರಲಿಲ್ಲ, ಆಮೇಲೆ ಕೆಲಸದ ವೀಸಾ ಎಚ್-1ಬಿಗೆ ಲಾಟರಿ ಬೇರೆ.

ಯುಕೆ ಕೆಟ್ಟದ್ದು ಅಂತ ನಾನು ಹೇಳಲ್ಲ. ನಮ್ಮ ಚಿಕ್ಕಪ್ಪನ ಮಗಳು ಅಲ್ಲೇ ಓದಿದಳು. ಅವಳಿಗೆ ಇಲ್ಲಿ ಐದು ವರ್ಷ ಕೆಲಸದ ಅನುಭವ ಇತ್ತು, ಸ್ವಂತ ಉಳಿತಾಯ ಇತ್ತು, ಒಂದೇ ವರ್ಷದಲ್ಲಿ ಮುಗಿಸಬೇಕಿತ್ತು. ಅವಳಿಗೆ ಅದು ಸರಿಹೋಯಿತು. ಒಂದು ವರ್ಷ ಅನುಭವ ಇರುವ, ಪೂರ್ತಿ ಸಾಲದ ಮೇಲೆ ಹೋಗುವ ಹುಡುಗನ ಲೆಕ್ಕ ಬೇರೆ. ಒಂದು ವರ್ಷದ ಕೋರ್ಸ್ ಅಂದರೆ ಹೋಗಿ ಊರು ಗೊತ್ತುಮಾಡಿಕೊಳ್ಳುವಷ್ಟರಲ್ಲಿ ಕೆಲಸ ಹುಡುಕಲು ಶುರು ಮಾಡಬೇಕು. ಇನ್ನೊಂದು ವಿಷಯ, ಈಗ ಅಪ್ಲೈ ಮಾಡುವವರು ಗಮನಿಸಿ: ಓದಿದ ಮೇಲೆ ಎರಡು ವರ್ಷ ಇರಬಹುದು ಅನ್ನುವುದನ್ನು 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಸಿದ್ದಾರೆ. ಪಿಎಚ್‌ಡಿಯವರಿಗೆ ಮಾತ್ರ ಮೂರು ವರ್ಷ ಹಾಗೇ ಇದೆ. ಕೌನ್ಸೆಲರ್ 'ಎರಡು ವರ್ಷ' ಅಂದರೆ ನಿಮ್ಮ ಕೋರ್ಸ್ ಮುಗಿಯುವ ತಿಂಗಳು ಯಾವುದು ಅಂತ ಎಣಿಸಿ ನೋಡಿ.

ಜರ್ಮನಿಯ ಸಾಲಿಗೆ ಬಂದಾಗ ಅಪ್ಪನಿಗೆ ಒಂದು ಗೊಂದಲ ಆಯಿತು. ಎಲ್ಲರಿಗೂ ಆಗುತ್ತದೆ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೆಚ್ಚಿನ ಕಡೆ ಟ್ಯೂಷನ್ ಫೀ ಇಲ್ಲ. ಎಲ್ಲ ಕಡೆ ಅಲ್ಲ: ಸ್ಟುಟ್‌ಗಾರ್ಟ್ ಇರುವ ಬಾಡೆನ್-ವುರ್ಟೆಂಬೆರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಇದೆ, ಮ್ಯೂನಿಕ್‌ನ ಟಿಯುಎಂ ಯೂನಿವರ್ಸಿಟಿ ಕೂಡ 2024ರಿಂದ ಹೊಸದಾಗಿ ಸೇರುವ ಹೊರದೇಶದವರಿಗೆ ಫೀ ಹಾಕಿದೆ. ಆದರೆ ವೀಸಾಕ್ಕೆ ಬ್ಲಾಕ್ಡ್ ಅಕೌಂಟ್‌ನಲ್ಲಿ 11,904 ಯೂರೋ ಇಡಬೇಕು. ಅಪ್ಪ ಇದನ್ನು ಫೀ ಅಂದುಕೊಂಡು, ಫ್ರೀ ಅಂತೀರಿ ಮತ್ತೆ ಇಷ್ಟು ಕೇಳ್ತಾರಲ್ಲ ಅಂದರು. ಅದು ಫೀ ಅಲ್ಲ, ನಮ್ಮದೇ ದುಡ್ಡು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋ ಅಂತ ಹುಡುಗನ ಕೈಗೇ ವಾಪಸ್ ಬರುತ್ತದೆ, ಬಾಡಿಗೆ, ಊಟ, ಇನ್ಶೂರೆನ್ಸ್ ಅದರಲ್ಲೇ ನಡೆಯಬೇಕು. ಹೋಗುವ ಮುಂಚೆ ಒಟ್ಟಿಗೆ ಹೊಂದಿಸಬೇಕು ಅನ್ನುವುದೇ ಕಷ್ಟ.

ನಾವು ಮಾಡಿದ ಒಂದು ತಪ್ಪು ಅಂದರೆ ಯೂರೋ ರೇಟ್ ನಿಂತ ಕಡೆ ನಿಲ್ಲುತ್ತದೆ ಅಂತ ಅಂದುಕೊಂಡದ್ದು. ಜನವರಿಯಲ್ಲಿ ಯೂರೋಗೆ 90 ರೂಪಾಯಿ ಆಸುಪಾಸು ಇತ್ತು, 11,904ಕ್ಕೆ 10 ಲಕ್ಷ 71 ಸಾವಿರ ಅಂತ ಹಾಳೆಯಲ್ಲಿ ಬರೆದೆವು. ಆಗಸ್ಟ್‌ನಲ್ಲಿ ದುಡ್ಡು ಕಳಿಸುವ ದಿನ 102ರ ಹತ್ತಿರ ಇತ್ತು. 12 ಲಕ್ಷ 14 ಸಾವಿರ. ಏನೂ ಬದಲಾಗದೆ 1 ಲಕ್ಷ 43 ಸಾವಿರ ಜಾಸ್ತಿ. ಅಮ್ಮನ ಬಳೆ ಎರಡು ಆವಾಗ ಬ್ಯಾಂಕಿಗೆ ಹೋದವು. ಲೆಕ್ಕ ಹಾಕುವಾಗ ನೂರಕ್ಕೆ ಹದಿನೈದು ಜಾಸ್ತಿ ಹಿಡಿದುಕೊಳ್ಳಿ ಅಂತ ಕನ್ಸಲ್ಟೆನ್ಸಿಯವರು ಒಂದು ಮಾತು ಹೇಳಿದ್ದರೆ ನಾವು ತಯಾರಾಗಿರುತ್ತಿದ್ದೆವು.

ಮಾರ್ಕ್ಸ್ ವಿಷಯ. ಜರ್ಮನಿಯಲ್ಲಿ 1 ಅಂದರೆ ಅತ್ಯುತ್ತಮ, 4 ಅಂದರೆ ಬರೀ ಪಾಸ್. ನಮ್ಮ ಸಿಜಿಪಿಎ ತಿರುಗಿಸಲು ಒಂದು ಸೂತ್ರ ಇದೆ: ಗರಿಷ್ಠ ಅಂಕದಿಂದ ನಮ್ಮ ಅಂಕ ಕಳೆದು, ಅದನ್ನು ಗರಿಷ್ಠ ಮತ್ತು ಪಾಸ್ ಅಂಕದ ವ್ಯತ್ಯಾಸದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಬೇಕು. ತಮ್ಮನ 8.2ಕ್ಕೆ ಪಾಸ್ ಅಂಕ 4 ಅಂತ ಹಿಡಿದರೆ 1.9 ಬರುತ್ತದೆ, 5 ಅಂತ ಹಿಡಿದರೆ 2.08. ತುಂಬಾ ಕೋರ್ಸ್‌ಗಳು 2.5ರ ಒಳಗೆ ಇರಲಿ ಅಂತ ಕೇಳುತ್ತವೆ. ಇಂಗ್ಲಿಷ್‌ನಲ್ಲೇ ನಡೆಯುವ ಮಾಸ್ಟರ್ಸ್ ಕೋರ್ಸ್‌ಗಳು ಬೇಕಾದಷ್ಟಿವೆ, ಡಾಡ್ (DAAD) ಅನ್ನುವ ಜರ್ಮನಿಯ ಸಂಸ್ಥೆಯ ವೆಬ್‌ಸೈಟ್‌ನಲ್ಲಿ ಭಾಷೆ, ಫೀ ಎಲ್ಲ ಹಾಕಿ ಹುಡುಕಬಹುದು. ಹಾಗಾಗಿ ಭಾಷೆ ಬರದಿದ್ದರೆ ಆಗಲ್ಲ ಅಂತ ಮೊದಲ ದಿನ ಹೇಳಿದ್ದು ಅರ್ಧ ಸತ್ಯ. ಓದಲು ಬೇಕಾಗಲಿಲ್ಲ. ಕೆಲಸ ಸಿಗಬೇಕು, ಅಂಗಡಿ ಆಸ್ಪತ್ರೆಗೆ ಓಡಾಡಬೇಕು ಅಂದರೆ ಬೇಕೇ ಬೇಕು. ತಮ್ಮ ಫೆಬ್ರವರಿಯಿಂದಲೇ ರಾತ್ರಿ ಶಿಫ್ಟ್ ಮುಗಿಸಿ ಬಂದು ಆನ್‌ಲೈನ್ ಕ್ಲಾಸಿಗೆ ಕೂರುತ್ತಿದ್ದ, ಎ2 ಅನ್ನುವ ಎರಡನೇ ಹಂತ ಮುಗಿಸಿಕೊಂಡು ಹೋದ. ಯಾರೇ ಹೋಗುವುದಾದರೂ ಇದನ್ನು ಮುಂದೂಡಬೇಡಿ.

ಈಗ ಕನ್ಸಲ್ಟೆನ್ಸಿಗೆ ವಾಪಸ್ ಬರೋಣ. ಜರ್ಮನಿ ಅಂತ ತೀರ್ಮಾನ ಮಾಡಿ ಮೊದಲ ಕಂತು ಕಟ್ಟಿದ ಮೇಲೆ ಹತ್ತು ಯೂನಿವರ್ಸಿಟಿಗಳ ಲಿಸ್ಟ್ ಕೊಟ್ಟರು. ಅದರಲ್ಲಿ ಮೂರು ಪ್ರೈವೇಟ್! ಅವುಗಳ ಫೀ ವರ್ಷಕ್ಕೆ ಹತ್ತು ಸಾವಿರ ಯೂರೋ ದಾಟಿತ್ತು, ಒಂದು ಸಾಲಿನಲ್ಲೂ ಪ್ರೈವೇಟ್ ಅಂತ ಬರೆದಿರಲಿಲ್ಲ. ಕೇಳಿದ್ದಕ್ಕೆ 'ಸೇಫ್ಟಿಗೆ ಇರಲಿ ಮೇಡಂ' ಅಂದರು. ನಾವು ಆ ಮೂರನ್ನೂ ತೆಗೆಸಿದೆವು. ಪ್ರೈವೇಟ್‌ನಲ್ಲಿ ಕಮಿಷನ್ ಇರುತ್ತದೆ ಅಂತ ನಮಗೆ ಆಗಲೇ ತಿಳಿದಿತ್ತು. ಲಿಸ್ಟ್ ಬಂದ ದಿನವೇ ಒಂದೊಂದೂ ಸರ್ಕಾರಿಯೋ ಪ್ರೈವೇಟೋ ಅಂತ ನೀವೇ ಹುಡುಕಿ ಖಚಿತ ಮಾಡಿಕೊಳ್ಳಿ.

ಎಸ್‌ಒಪಿ (ಈ ಕೋರ್ಸ್ ಯಾಕೆ ಓದಬೇಕು ಅಂತ ಹೇಳುವ ಪತ್ರ) ಬರೆದುಕೊಡುತ್ತೇವೆ ಅಂದಿದ್ದರು. ಬಂದ ಎಸ್‌ಒಪಿಯ ಮೂರನೇ ಪ್ಯಾರಾದಲ್ಲಿ ನನ್ನ ತಮ್ಮ ಸಿವಿಲ್ ಎಂಜಿನಿಯರ್ ಆಗಿದ್ದ, ಸೇತುವೆಗಳ ಮೇಲೆ ಪ್ರಾಜೆಕ್ಟ್ ಮಾಡಿದ್ದ. ಬೇರೆ ಯಾರದೋ ಎಸ್‌ಒಪಿಯಲ್ಲಿ ಹೆಸರು ಬದಲಾಯಿಸಿ ಕಳಿಸಿದ್ದರು. ಹಾಗೇ ಹೋಗಿದ್ದರೆ ಗತಿ ಏನು? ತಮ್ಮ ಎರಡು ಭಾನುವಾರ ಕೂತು ತಾನೇ ಬರೆದ. ಫ್ಯಾಕ್ಟರಿಯಲ್ಲಿ ಒಂದು ಕಂಪ್ರೆಸರ್ ಪದೇ ಪದೇ ಕೈಕೊಡುತ್ತಿದ್ದದ್ದು, ಅದರ ಕಾರಣ ಹುಡುಕಿದ್ದು, ಅದರಿಂದ ತನಗೆ ಯಾವ ವಿಷಯ ಓದಬೇಕು ಅನ್ನಿಸಿತು, ಇಷ್ಟೇ. ನಾನು ವ್ಯಾಕರಣ ನೋಡಿದೆ. ಅದನ್ನು ಓದಿ ಕೌನ್ಸೆಲರ್ ಹುಡುಗಿಯೇ ಇದು ನಮ್ಮದಕ್ಕಿಂತ ಚೆನ್ನಾಗಿದೆ ಅಂದಳು.

ಇಷ್ಟೆಲ್ಲ ಹೇಳಿ ಫೈಲ್ ಕೆಲಸಕ್ಕೆ ನಾಲ್ಕು ಯಾಕೆ ಕೊಟ್ಟೆ ಅಂತ ಕೇಳಬಹುದು. ಒಳಗಿನ ರೂಮಿನಲ್ಲಿ ಡಾಕ್ಯುಮೆಂಟ್ ನೋಡುವ ಒಬ್ಬರು ಇದ್ದಾರೆ, ಐವತ್ತರ ಹತ್ತಿರ ವಯಸ್ಸು, ಮಾತು ಕಡಿಮೆ. ಅವರ ಮುಂದೆ ತಮ್ಮನ ಎಲ್ಲ ಕಾಗದ ಹರಡಿದೆವು. ಅವರು ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಎಡಗೈಲಿ, ಪಾಸ್‌ಪೋರ್ಟ್ ಬಲಗೈಲಿ ಹಿಡಿದು, ಸ್ಕೇಲ್ ಇಟ್ಟು ಒಂದೊಂದೇ ಅಕ್ಷರ ನೋಡಿದರು. ಮಾರ್ಕ್ಸ್ ಕಾರ್ಡ್‌ನಲ್ಲಿ ಹೆಸರಿನ ಪಕ್ಕ ಎರಡು ಇನಿಷಿಯಲ್. ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಪೂರ್ತಿ ಬಿಡಿಸಿ ಸರ್‌ನೇಮ್ ಅಂತ ಹಾಕಿದ್ದರು. ಡಿಗ್ರಿ ಸರ್ಟಿಫಿಕೇಟ್‌ನಲ್ಲಿ ಅಪ್ಪನ ಹೆಸರಿನ ಒಂದು ಅಕ್ಷರ ಬೇರೆ. ನಮ್ಮ ಕಡೆ ಯಾರ ಮನೆಯಲ್ಲಿ ನೋಡಿದರೂ ಇದೇ ಕಥೆ, ನಮಗೆ ಅದು ತಪ್ಪು ಅಂತಲೇ ಅನ್ನಿಸಿರಲಿಲ್ಲ. "ಮೂರು ಕಾಗದ, ಮೂರು ಮನುಷ್ಯರು ಅಂತಾರೆ ಮೇಡಂ" ಅಂತ ಹೇಳಿ, ಅಫಿಡವಿಟ್‌ನಲ್ಲಿ ಏನು ಬರೆಸಬೇಕು ಅಂತ ತಾವೇ ಕೈಯಲ್ಲಿ ಬರೆದುಕೊಟ್ಟರು. ಕೋರ್ಟ್ ಹತ್ತಿರದ ನೋಟರಿಯಲ್ಲಿ ಅವತ್ತೇ ಮಾಡಿಸಿದೆವು. ಅವರು ಹಿಡಿಯದೇ ಇದ್ದಿದ್ದರೆ ಕೊನೆಯಲ್ಲಿ ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತಿತ್ತು.

ಎಪಿಎಸ್ ಸರ್ಟಿಫಿಕೇಟ್ ಕೂಡ ಅವರೇ ಮಾಡಿಸಿದ್ದು. 2022ರ ನವೆಂಬರ್‌ನಿಂದ ಇಂಡಿಯಾದವರಿಗೆ ಇದು ಕಡ್ಡಾಯ, ನಮ್ಮ ಮಾರ್ಕ್ಸ್ ಕಾರ್ಡ್‌ಗಳು ಅಸಲಿ ಅಂತ ದೆಹಲಿಯ ಎಪಿಎಸ್ ಕಚೇರಿ ನೋಡಿ ಕೊಡುತ್ತದೆ. ಫೀ 18,000 ರೂಪಾಯಿ. ಮೊದಲು ಇದನ್ನು ಹಾಕಿ, ಆಮೇಲೆ ಉಳಿದದ್ದು ಅಂತ ಫೆಬ್ರವರಿಯಲ್ಲೇ ಬೆನ್ನು ಹತ್ತಿ ಕಳಿಸಿದರು. ಚಳಿಗಾಲದ ಸೆಮಿಸ್ಟರ್‌ಗೆ ಎಷ್ಟೋ ಕಡೆ ಕೊನೆ ದಿನ ಜುಲೈ 15, ಕೆಲವು ಕಡೆ ಮೇ ತಿಂಗಳಲ್ಲೇ ಮುಗಿಯುತ್ತದೆ. ಯೂನಿವರ್ಸಿಟಿಗಳ ಪರವಾಗಿ ಅರ್ಜಿ ತೆಗೆದುಕೊಳ್ಳುವ ಯೂನಿ-ಅಸಿಸ್ಟ್ ಮೂಲಕ ಆರು ಅರ್ಜಿ ಹಾಕಿದೆವು: ಮೊದಲನೆಯದಕ್ಕೆ 75 ಯೂರೋ, ಆಮೇಲಿನ ಒಂದೊಂದಕ್ಕೆ 30, ಒಟ್ಟು 225. ಕೆಮ್ನಿಟ್ಸ್‌ನ ಸರ್ಕಾರಿ ಯೂನಿವರ್ಸಿಟಿಯಲ್ಲಿ ಸೀಟ್ ಸಿಕ್ಕಿತು. ಟ್ಯೂಷನ್ ಫೀ ಇಲ್ಲ, ಮ್ಯೂನಿಕ್ ಥರದ ಊರುಗಳಿಗೆ ಹೋಲಿಸಿದರೆ ಬಾಡಿಗೆ ಎಷ್ಟೋ ಕಡಿಮೆ.

ಬ್ಯಾಂಕ್ ಸಾಲಕ್ಕೆ ಕನ್ಸಲ್ಟೆನ್ಸಿಯಿಂದ ಏನೂ ಸಹಾಯ ಆಗಲಿಲ್ಲ. ಒಂದು ಪ್ರೈವೇಟ್ ಫೈನಾನ್ಸ್ ಕಂಪನಿಯ ನಂಬರ್ ಕೊಟ್ಟರು, ಬಡ್ಡಿ ಜಾಸ್ತಿ. ನಾವು ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಹಾಕಿ ಸರ್ಕಾರಿ ಬ್ಯಾಂಕಿಗೆ ಹೋದೆವು. ಏಳೂವರೆ ಲಕ್ಷದವರೆಗೆ ಆಸ್ತಿ ಅಡಮಾನ ಬೇಡ, ಅದಕ್ಕಿಂತ ಜಾಸ್ತಿಗೆ ಬೇಕು ಅಂದರು. ಅಪ್ಪ ಪಹಣಿ ಹಿಡಿದು ಹೋಗಿದ್ದರು. ತೋಟ ಆಗಲ್ಲ, ಕೃಷಿ ಜಮೀನನ್ನು ಇದಕ್ಕೆ ತೆಗೆದುಕೊಳ್ಳಲ್ಲ ಅಂದಾಗ ಅಪ್ಪನ ಮುಖ ನೋಡಲಾಗಲಿಲ್ಲ. ನಲವತ್ತು ವರ್ಷ ಸಾಕಿದ ತೋಟ. ಕೊನೆಗೆ ಶೆಟ್ಟಿಹಳ್ಳಿ ಕಡೆ ನನ್ನ ಹೆಸರಲ್ಲಿದ್ದ ಸಣ್ಣ ಸೈಟ್ ಇಟ್ಟೆವು, ಇ-ಖಾತಾ, ಇಸಿ ಎಲ್ಲ ಸರಿ ಇದ್ದಿದ್ದರಿಂದ ಬಚಾವ್. ಕೃಷಿ ಕುಟುಂಬದವರು ಈ ವಿಚಾರವನ್ನು ದೇಶ ಆರಿಸುವ ಮುಂಚೆಯೇ ಬ್ಯಾಂಕಿನಲ್ಲಿ ಕೇಳಿಕೊಳ್ಳಿ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ರಾಜ್ಯ ಸರ್ಕಾರದ 'ಪ್ರಬುದ್ಧ' ಯೋಜನೆ ಇದೆ, ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಿ. ನಾಲ್ಕು ಕನ್ಸಲ್ಟೆನ್ಸಿಗಳಲ್ಲಿ ಒಬ್ಬರ ಬಾಯಲ್ಲೂ ಇದರ ಹೆಸರು ಬರಲಿಲ್ಲ.

ತಮ್ಮ ಈಗ ವಾರಕ್ಕೆ ಎರಡು ದಿನ ಯೂನಿವರ್ಸಿಟಿ ಲ್ಯಾಬಿನಲ್ಲೇ ಕೆಲಸ ಮಾಡುತ್ತಾನೆ. ವರ್ಷಕ್ಕೆ 140 ಪೂರ್ತಿ ದಿನ ಕೆಲಸಕ್ಕೆ ಅವಕಾಶ ಇದೆ. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು.

ಈ ಕನ್ಸಲ್ಟೆನ್ಸಿಗೆ ಹೋಗುವವರು ಶನಿವಾರ ಹೋಗಬೇಡಿ, ತುಂಬಾ ರಶ್, ಡಾಕ್ಯುಮೆಂಟ್ ನೋಡುವವರು ಸಿಗಲ್ಲ. ವಾರದ ನಡುವೆ ಬೆಳಗ್ಗೆ ಹನ್ನೊಂದಕ್ಕೆ ಹೋದರೆ ಅರ್ಧ ಗಂಟೆ ಕೂರಿಸಿಕೊಂಡು ಮಾತಾಡುತ್ತಾರೆ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತೇವೆ ಅಂದರೆ ಒಪ್ಪಬೇಡಿ, ನಾವು ಸ್ಕ್ಯಾನ್ ಕೊಟ್ಟು ಒರಿಜಿನಲ್ ಮನೆಗೆ ತಂದೆವು, ಅವರೂ ಬೇಡ ಅನ್ನಲಿಲ್ಲ. ಕೊನೆಯ ಕಂತು 20 ಸಾವಿರ ವೀಸಾ ಸ್ಟಾಂಪ್ ಆದ ಮೇಲೆ ಕೊಡುತ್ತೇವೆ ಅಂತ ಮೊದಲೇ ಬರೆಸಿಕೊಂಡಿದ್ದೆವು. ಅದರಂತೆಯೇ ಕೊಟ್ಟೆವು, ಜಿಎಸ್‌ಟಿ ಬಿಲ್ ಅವತ್ತೇ ಕೊಟ್ಟರು. ಅಪ್ಪನ ಹಾಳೆ ಈಗ ಸ್ಟಾಫ್ ರೂಮಿನ ಬೀರುವಿನಲ್ಲಿದೆ, ಬೇಕಾದವರು ತೆಗೆದು ನೋಡಿಕೊಳ್ಳುತ್ತಿದ್ದಾರೆ. ಕೆನಡಾ ಸಾಲಿನ ಅಂಕಿಗಳನ್ನು ಹೋದ ವಾರ ಕೆಂಪು ಪೆನ್ನಿನಲ್ಲಿ ತಿದ್ದಿದೆ.